ಕ್ರಿಸ್‌ಮಸ್ ರಜೆಯಲ್ಲಿ ರಾಕ್ ಶೋ: ಅಮೆರಿಕದ ಕನ್ನಡ ಮನೆಗಳಿಗೊಂದು ಕೈಪಿಡಿ

ಕನ್ನಡ ಕೂಟದ ರಾಜ್ಯೋತ್ಸವ, ದೀಪಾವಳಿ ಕಾರ್ಯಕ್ರಮಗಳು ನವೆಂಬರಿನಲ್ಲಿ ಮುಗಿದುಬಿಡುತ್ತವೆ. ಮತ್ತೆ ಎಲ್ಲರೂ ಸೇರುವುದು ಸಂಕ್ರಾಂತಿಗೆ. ನಡುವಿನ ವಾರಗಳು ಅಮೆರಿಕದಲ್ಲಿರುವ ನಮ್ಮವರಿಗೆ ಸ್ವಲ್ಪ ಕಷ್ಟವೇ. ಸಂಜೆ ಐದಕ್ಕೆ ಕತ್ತಲು, ಹೊರಗೆ ಚಳಿ, ಮಕ್ಕಳಿಗೆ ರಜೆ. ಊರಿಂದ ಅಪ್ಪ-ಅಮ್ಮ ಬಂದಿದ್ದರೆ ಅವರೂ ಮನೆಯೊಳಗೇ. ಸರಿಯಾಗಿ ಇದೇ ಹೊತ್ತಿಗೆ ಟ್ರಾನ್ಸ್-ಸೈಬೀರಿಯನ್ ಆರ್ಕೆಸ್ಟ್ರಾ (ಟಿಎಸ್‌ಓ) ಎಂಬ ತಂಡ ಊರೂರು ಸುತ್ತುತ್ತಾ ನಿಮ್ಮ ಹತ್ತಿರದ ಅರೀನಾಗೂ, ಅಂದರೆ ದೊಡ್ಡ ಒಳಾಂಗಣ ಕ್ರೀಡಾಂಗಣಕ್ಕೂ, ಬರುತ್ತದೆ. ಆಫೀಸಿನಲ್ಲಿ ಯಾರಾದರೂ ಒಬ್ಬರು "ಇನ್ನೂ ಟಿಎಸ್‌ಓ ನೋಡಿಲ್ವಾ?" ಅಂತ ಕೇಳಿಯೇ ಇರುತ್ತಾರೆ.

ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಟ್ಟಿಗೆ ಕೂತು ನೋಡಬಹುದಾದ ರಾಕ್ ಶೋಗಳು ತೀರಾ ಕಡಿಮೆ. ಇದು ಅಂಥದ್ದೊಂದು. ಆದರೆ ಖುಷಿಯಾಗಿ ಬರುತ್ತೀರೋ, ತಲೆನೋವು ಹೊತ್ತು ಬರುತ್ತೀರೋ ಅನ್ನುವುದು ಬಹುಪಾಲು ಮನೆ ಬಿಡುವ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಸೀಟು, ಯಾವ ಹೊತ್ತು, ಕಿವಿಗೇನು, ಹೊಟ್ಟೆಗೇನು. ಅದಕ್ಕೇ ಇಲ್ಲಿ ಹಾಡಿನ ಮಾತು ಕಡಿಮೆ, ತಯಾರಿಯ ಮಾತು ಜಾಸ್ತಿ.

1. ಏನು ನೋಡಲು ಹೋಗುತ್ತಿದ್ದೀರಿ, ಮೊದಲು ತಿಳಿದುಕೊಳ್ಳಿ

ಹೆಸರು ನೋಡಿ ರಷ್ಯಾದವರು ಅಂದುಕೊಳ್ಳಬೇಡಿ. ಪಕ್ಕಾ ಅಮೆರಿಕದ ತಂಡ. ಪಾಲ್ ಓ'ನೀಲ್ ಎಂಬ ನಿರ್ಮಾಪಕ 1990ರ ದಶಕದಲ್ಲಿ ಇದನ್ನು ಕಟ್ಟಿದರು. ಸಾವಟಾಜ್ ಎಂಬ ಹೆವಿ ಮೆಟಲ್ ಬ್ಯಾಂಡಿನವರು ಜೊತೆಗಿದ್ದರು. ಮೊದಲ ಆಲ್ಬಮ್ 1996ರಲ್ಲಿ ಬಂತು, ಮೊದಲ ಟೂರ್ 1999ರಲ್ಲಿ. ಓ'ನೀಲ್ 2017ರಲ್ಲಿ ತೀರಿಕೊಂಡರು. ಟೂರ್ ಮಾತ್ರ ನಿಲ್ಲಲಿಲ್ಲ. ಕೋವಿಡ್ ಇದ್ದ 2020ರಲ್ಲಿ ಅರೀನಾಗಳು ಮುಚ್ಚಿದ್ದಾಗ ಇಂಟರ್ನೆಟ್ಟಿನಲ್ಲೇ ಶೋ ಕೊಟ್ಟರು.

ನವೆಂಬರ್ ಮಧ್ಯದಲ್ಲಿ ಶುರುವಾದರೆ ಡಿಸೆಂಬರ್ ಕೊನೆಯವರೆಗೂ ಓಡಾಟ. ಅಷ್ಟು ಕಡಿಮೆ ದಿನದಲ್ಲಿ ಅಷ್ಟೊಂದು ಊರು ಹೇಗೆ ಸುತ್ತುತ್ತಾರೆ? ತಂಡವನ್ನೇ ಎರಡು ಮಾಡಿಕೊಂಡಿದ್ದಾರೆ. ಒಂದು ಪೂರ್ವದ ಕಡೆ, ಇನ್ನೊಂದು ಪಶ್ಚಿಮದ ಕಡೆ. ಎರಡೂ ಒಂದೇ ಶೋ ಮಾಡುತ್ತವೆ. ನ್ಯೂಜೆರ್ಸಿಯ ಅಕ್ಕ ನೋಡಿದ್ದನ್ನೇ ಕ್ಯಾಲಿಫೋರ್ನಿಯಾದ ತಮ್ಮನೂ ನೋಡುತ್ತಾನೆ, ಹಾಡುವ ಮುಖಗಳಷ್ಟೇ ಬೇರೆ. ಪಿಟೀಲು, ಚೆಲೋ ನುಡಿಸುವವರಲ್ಲಿ ಹೆಚ್ಚಿನವರು ಆಯಾ ಊರಿನ ಕಲಾವಿದರೇ. ನಿಮ್ಮ ಮಗಳಿಗೆ ವಯಲಿನ್ ಹೇಳಿಕೊಡುವ ಟೀಚರ್ ವೇದಿಕೆ ಮೇಲೆ ಕಂಡರೆ ಆಶ್ಚರ್ಯ ಪಡಬೇಡಿ.

ಶೋ ಸುಮಾರು ಎರಡೂವರೆ ಗಂಟೆ. ಮೊದಲ ಭಾಗದಲ್ಲಿ ಒಂದು ಕ್ರಿಸ್‌ಮಸ್ ಕಥೆ. ಒಬ್ಬ ನಿರೂಪಕ ಬಂದು ಪದ್ಯದಂತಹ ಮಾತಿನಲ್ಲಿ ಕಥೆ ಮುಂದುವರಿಸುತ್ತಾನೆ, ಅದರ ಹಿಂದೆಯೇ ಹಾಡು. ನಮ್ಮ ಹರಿಕಥೆ ಗೊತ್ತಿದ್ದವರಿಗೆ ಈ ಕ್ರಮ ಹೊಸದೇನಲ್ಲ, ತಂಬೂರಿ ಜಾಗದಲ್ಲಿ ಎಲೆಕ್ಟ್ರಿಕ್ ಗಿಟಾರ್ ಅಷ್ಟೆ. ಎರಡನೇ ಭಾಗದಲ್ಲಿ ಕಥೆ ಇಲ್ಲ, ಬರೀ ಹಾಡು, ಬೆಳಕು, ಬೆಂಕಿ. ಬೀತೋವನ್, ಮೊಝಾರ್ಟ್ ಸಂಗೀತ ಡ್ರಮ್ಸ್ ಜೊತೆ ಬರುತ್ತದೆ.

ಇವರ ಅತಿ ಜನಪ್ರಿಯ ತುಣುಕು ಬೋಸ್ನಿಯಾದ ಸರಯೇವೋ ಊರಿನ ಹೆಸರಿನದು. ಅದು ಮೊದಲು ಬಂದದ್ದು 1995ರ ಸಾವಟಾಜ್ ಆಲ್ಬಮ್ಮಿನಲ್ಲಿ. ಯುದ್ಧದಲ್ಲಿ ಪಾಳುಬಿದ್ದ ಆ ಊರಲ್ಲಿ ಕೂತು ಚೆಲೋ ನುಡಿಸಿದ ಒಬ್ಬ ಕಲಾವಿದನ ಸುದ್ದಿ ಅದರ ಹಿಂದಿದೆ. ರಾಗದ ಒಂದು ಭಾಗ ಉಕ್ರೇನಿನ ಮಿಕೋಲಾ ಲಿಯೊಂಟೊವಿಚ್ ಅವರದ್ದು. ಡಿಸೆಂಬರಿನಲ್ಲಿ ಅಂಗಡಿಗೆ ಹೋದರೆ ಕಿವಿಗೆ ಬೀಳುವ 'ಕ್ಯಾರಲ್ ಆಫ್ ದ ಬೆಲ್ಸ್' ಎಂಬ ಗಂಟೆಗಳ ಹಾಡು ಇದೆಯಲ್ಲ, ಅದೇ ರಾಗ. ಹೋಗುವ ವಾರ ಕಾರಿನಲ್ಲಿ ಇದನ್ನು ಹಾಕಿ. ಗೊತ್ತಿರುವ ರಾಗ ಬಂದಾಗ ಮಕ್ಕಳು ಎದ್ದು ಕೂರುತ್ತಾರೆ, ಅಜ್ಜ-ಅಜ್ಜಿಯರೂ ಕೂಡ.

"ಇದು ಚರ್ಚಿನ ಕಾರ್ಯಕ್ರಮವಾ?" ಅಂತ ಮನೆಯ ಹಿರಿಯರು ಕೇಳುವುದುಂಟು. ಪ್ರಾರ್ಥನೆ ಇರುವುದಿಲ್ಲ, ಉಪದೇಶವೂ ಇಲ್ಲ. ಕಥೆಯಲ್ಲಿ ದೇವದೂತ ಬರುತ್ತಾನೆ, ಕ್ರಿಸ್ತ ಹುಟ್ಟಿದ ರಾತ್ರಿಯ ಮಾತು ಬರುತ್ತದೆ. ಮನೆ ಬಿಟ್ಟು ಹೋದ ಮಕ್ಕಳು, ಕಾಯುವ ಅಪ್ಪಂದಿರು ಬರುತ್ತಾರೆ. ಯಾವ ವರ್ಷ ಯಾವ ಕಥೆ ಅಂತ ಮೊದಲೇ ಪ್ರಕಟಿಸುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಅಮ್ಮನಿಗೆ ಹಿಂದಿನ ದಿನ ಐದು ನಿಮಿಷ ಕೂತು ಕಥೆ ಹೇಳಿಬಿಡಿ. ಅಷ್ಟು ಗೊತ್ತಿದ್ದರೆ ಉಳಿದದ್ದನ್ನು ಅವರೇ ಹಿಡಿದುಕೊಳ್ಳುತ್ತಾರೆ.

2. ಮಧ್ಯಾಹ್ನವೋ, ಸಂಜೆಯೋ

ಬಹಳಷ್ಟು ಊರುಗಳಲ್ಲಿ, ಮುಖ್ಯವಾಗಿ ವಾರಾಂತ್ಯದಲ್ಲಿ, ದಿನಕ್ಕೆ ಎರಡು ಶೋ. ಮಧ್ಯಾಹ್ನ ಮೂರರ ಹೊತ್ತಿಗೆ ಒಂದು, ಸಂಜೆ ಏಳು-ಏಳೂವರೆಗೆ ಇನ್ನೊಂದು. ಚಿಕ್ಕ ಮಕ್ಕಳಿದ್ದರೆ ಮಧ್ಯಾಹ್ನದ್ದೇ ತೆಗೆದುಕೊಳ್ಳಿ. ಬೆಂಗಳೂರಿಂದ ಹೊಸದಾಗಿ ಬಂದಿಳಿದವರು ಮನೆಯಲ್ಲಿದ್ದರಂತೂ ಎರಡನೇ ಯೋಚನೆಯೇ ಬೇಡ. ಜೆಟ್‌ಲ್ಯಾಗ್ ಇರುವವರನ್ನು ರಾತ್ರಿ ಎಂಟಕ್ಕೆ ಕತ್ತಲ ಹಾಲಿನಲ್ಲಿ ಕೂರಿಸಿದರೆ ಎಷ್ಟೇ ದೊಡ್ಡ ಡ್ರಮ್ಸ್ ಬಾರಿಸಿದರೂ ನಿದ್ದೆ ಬಂದೇ ಬರುತ್ತದೆ.

ಸಂಜೆಯ ಜನಕ್ಕೆ ಗಲಾಟೆ ಸ್ವಲ್ಪ ಜಾಸ್ತಿ, ಬಿಯರ್ ಕೂಡ ಜಾಸ್ತಿ. ದೊಡ್ಡವರೇ ಹೋಗುವುದಾದರೆ ಅದರಲ್ಲೂ ಮಜಾ ಇದೆ. ಒಂದು ಮಾತು: ಎರಡು ಶೋ ಇರುವ ದಿನ ಸಂಜೆಯದಕ್ಕೆ ಹೋದರೆ, ಮಧ್ಯಾಹ್ನದವರು ಪಾರ್ಕಿಂಗ್‌ನಿಂದ ಹೊರಬರುವ ಹೊತ್ತಿಗೆ ನೀವು ಒಳಗೆ ಹೋಗುತ್ತಿರುತ್ತೀರಿ. ಆ ಅರ್ಧ ಗಂಟೆ ರಸ್ತೆಯಲ್ಲಿ ಸಾಕುಸಾಕಾಗಿ ಹೋಗುತ್ತದೆ.

ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು? ಐದು-ಆರು ದಾಟಿದ್ದರೆ ಒಳ್ಳೆಯದು ಅನ್ನುತ್ತೇನೆ. ಎರಡು ವರ್ಷದ ಕೂಸನ್ನು ಕರೆದುಕೊಂಡು ಹೋಗಲೇಬೇಕಾದರೆ ಟಿಕೆಟ್ ಬೇಕೋ ಬೇಡವೋ ಅಂತ ಅರೀನಾದವರನ್ನು ಕೇಳಿಕೊಳ್ಳಿ. ಕೆಲವು ಕಡೆ ತೊಡೆ ಮೇಲೆ ಕೂರುವ ಮಗುವಿಗೂ ಟಿಕೆಟ್ ಬೇಕು.

3. ಸೀಟು ಆರಿಸುವುದು: ಇದಕ್ಕೇ ಸಮಯ ಕೊಡಿ

ದುಬಾರಿ ಸೀಟು ಅಂದರೆ ಒಳ್ಳೆಯ ಸೀಟು ಅನ್ನುವ ಲೆಕ್ಕ ಈ ಶೋಗೆ ಹೊಂದುವುದಿಲ್ಲ. ವೇದಿಕೆಯ ಮುಂದೆ ನೆಲದ ಮೇಲೆ ಕುರ್ಚಿ ಹಾಕಿರುತ್ತಾರಲ್ಲ, ಅದು ಫ್ಲೋರ್. ಬೆಲೆ ಜಾಸ್ತಿ, ಗಿಟಾರ್ ಹಿಡಿದವರ ಬೆವರೂ ಕಾಣುತ್ತದೆ. ಆದರೆ ನೆಲ ಸಮತಟ್ಟು. ಮುಂದೆ ಆರಡಿ ಎತ್ತರದ ಮನುಷ್ಯ ಕೂತರೆ ನಿಮ್ಮ ಎಂಟು ವರ್ಷದ ಮಗನಿಗೆ ಕಾಣುವುದು ಅವನ ಬೆನ್ನು ಮಾತ್ರ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಐಸ್ ಹಾಕಿ ಎಂಬ ಆಟ ನಡೆಯುವ ಅರೀನಾಗಳಲ್ಲಿ ಸೀಸನ್ ಮಧ್ಯೆ ಮಂಜುಗಡ್ಡೆಯನ್ನು ತೆಗೆಯುವುದಿಲ್ಲ. ಅದರ ಮೇಲೆ ಹಲಗೆಗಳನ್ನು ಮುಚ್ಚಿ, ಅದರ ಮೇಲೇ ಕುರ್ಚಿ ಹಾಕುತ್ತಾರೆ. ಶಾಖ ತಡೆಯುವ ಹಲಗೆಯೇ ಆದರೂ ಎರಡೂವರೆ ಗಂಟೆ ಕೂತರೆ ಪಾದ ತಣ್ಣಗಾಗುತ್ತದೆ. ಫ್ಲೋರ್ ತೆಗೆದುಕೊಂಡರೆ ದಪ್ಪ ಕಾಲುಚೀಲ ಹಾಕಿಕೊಂಡೇ ಹೋಗಿ.

ಈ ಶೋದಲ್ಲಿ ನೋಡಬೇಕಾದ್ದು ಬರೀ ವೇದಿಕೆಯಲ್ಲ. ಲೇಸರ್ ತಲೆಯ ಮೇಲೆ ಹಾದು ಅರೀನಾದ ತುದಿಯವರೆಗೂ ಹೋಗುತ್ತದೆ. ದೀಪದ ಚೌಕಟ್ಟುಗಳು ಮೇಲೆ ಕೆಳಗೆ ಆಡುತ್ತವೆ. ಕಲಾವಿದರು ಯಂತ್ರದ ಕಟ್ಟೆ ಹತ್ತಿ ಗಾಳಿಯಲ್ಲಿ ತೇಲಿದಂತೆ ಏರುತ್ತಾರೆ. ಫ್ಲೋರಿನ ಹಿಂದಿನ ತುದಿಗೂ ಬಂದು ನುಡಿಸುತ್ತಾರೆ. ಇದೆಲ್ಲ ಒಂದೇ ನೋಟಕ್ಕೆ ಸಿಗಬೇಕಾದರೆ ಸ್ವಲ್ಪ ಎತ್ತರದಲ್ಲಿ, ಸ್ವಲ್ಪ ದೂರದಲ್ಲಿ ಕೂರಬೇಕು. ನನ್ನ ಆಯ್ಕೆ ಕೆಳಗಿನ ಬೌಲ್, ಅಂದರೆ ಸುತ್ತ ಮೆಟ್ಟಿಲಾಗಿ ಏರುವ ಸೀಟುಗಳ ಕೆಳಗಿನ ಹಂತದ, ನೂರರ ಸಂಖ್ಯೆಯ ಸೆಕ್ಷನ್‌ಗಳು, ವೇದಿಕೆಗೆ ನೇರ ಎದುರಿನ ತುದಿ ಅಥವಾ ಆ ತುದಿಯ ಮೂಲೆಗಳು. ವೇದಿಕೆಯ ಪಕ್ಕಕ್ಕೇ ಅಂಟಿಕೊಂಡ ಸೆಕ್ಷನ್ ಬೇಡ. ಅಲ್ಲಿಂದ ಅರ್ಧ ಪರದೆ ಕಾಣುವುದಿಲ್ಲ, ಸ್ಪೀಕರ್ ಬೇರೆ ಕಿವಿಯ ಮೇಲೇ ಇರುತ್ತದೆ.

ದುಡ್ಡು ಉಳಿಸಬೇಕೆಂದರೆ ಮೇಲಿನ ಬೌಲ್‌ನಲ್ಲಿ ವೇದಿಕೆಗೆ ಎದುರಾಗಿ, ಮೊದಲ ಕೆಲವು ಸಾಲು. ಮುಖಗಳು ಚಿಕ್ಕದಾಗಿ ಕಾಣುತ್ತವೆ, ಬೆಳಕಿನ ಆಟ ಪೂರ್ತಿ ಸಿಗುತ್ತದೆ. ಆದರೆ ಅಲ್ಲಿನ ಮೆಟ್ಟಿಲು ಕಡಿದು. ಎತ್ತರ ಕಂಡರೆ ತಲೆ ತಿರುಗುವವರನ್ನು ಕರೆದೊಯ್ಯಬೇಡಿ.

ಮೊಣಕಾಲು ನೋವಿರುವ ಹಿರಿಯರಿದ್ದರೆ ಸಾಲಿನ ಸಂಖ್ಯೆ ನೋಡುವುದು ಕಲಿಯಿರಿ. ಹೆಚ್ಚಿನ ಅರೀನಾಗಳಲ್ಲಿ ಕೆಳಗಿನ ಬೌಲ್‌ಗೆ ಬಾಗಿಲು ಮೇಲಿನಿಂದ. ಒಳಗೆ ಕಾಲಿಟ್ಟರೆ ಇಳಿಯಬೇಕು. ಹಾಗಾಗಿ ಅಲ್ಲಿ ಹಿಂದಿನ ಸಾಲಿನವರಿಗೆ ಮೆಟ್ಟಿಲು ಕಡಿಮೆ. ಮೇಲಿನ ಬೌಲ್‌ನಲ್ಲಿ ಉಲ್ಟಾ: ಬಾಗಿಲು ಕೆಳಗಿನಿಂದಲೋ ನಡುವಿನಿಂದಲೋ ಇರುತ್ತದೆ, ಮುಂದಿನ ಸಾಲಿನವರಿಗೆ ಸುಲಭ. "ಮುಂದಿನ ಸಾಲು ಸಿಕ್ಕಿತು" ಅಂತ ಕೆಳಗಿನ ಬೌಲ್‌ನ ಮೊದಲ ಸಾಲು ತೆಗೆದುಕೊಂಡರೆ ಅಪ್ಪನನ್ನು ಇಪ್ಪತ್ತು ಮೆಟ್ಟಿಲು ಇಳಿಸಿ, ಬಾತ್‌ರೂಮಿಗೆ ಅಷ್ಟನ್ನೂ ಹತ್ತಿಸಬೇಕಾಗುತ್ತದೆ. ತುದಿಯ ಸೀಟು ಸಿಕ್ಕರೆ ಇನ್ನೂ ವಾಸಿ.

ವೀಲ್‌ಚೇರ್ ಬೇಕಾದವರಿಗೆ, ಮೆಟ್ಟಿಲು ಆಗದವರಿಗೆ ಬೇರೆಯೇ ಸೀಟುಗಳಿವೆ. ಅಮೆರಿಕದ ಕಾನೂನಿನ ಪ್ರಕಾರ ಅಂಥ ಸೀಟು ಕೊಳ್ಳುವವರು, ಜಾಗ ಇದ್ದರೆ, ಜೊತೆಯವರಿಗಾಗಿ ಪಕ್ಕದಲ್ಲೇ ಇನ್ನೂ ಮೂರು ಸೀಟು ಕೊಳ್ಳಬಹುದು. ಕೇಳಲು ಸಂಕೋಚ ಬೇಡ. ಟಿಕೆಟ್ ಸೈಟಿನಲ್ಲಿ ಅದಕ್ಕೊಂದು ಫಿಲ್ಟರ್ ಇರುತ್ತದೆ, ಇಲ್ಲದಿದ್ದರೆ ಬಾಕ್ಸ್ ಆಫೀಸಿಗೆ ಫೋನ್ ಮಾಡಿ.

4. ಟಿಕೆಟ್ ಕೊಳ್ಳುವುದು

ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಬರುವ ಲಿಂಕ್ ಒತ್ತಬೇಡಿ. ಅರೀನಾದ ಹೆಸರನ್ನೇ ಸೇರಿಸಿಕೊಂಡ ಸೈಟುಗಳಿರುತ್ತವೆ. ನೋಡಲು ಅಧಿಕೃತ, ಒಳಗೆ ಮರುಮಾರಾಟ, ಬೆಲೆ ಎರಡು ಪಟ್ಟು. ತಂಡದ ಸೈಟಿಗೋ ಅರೀನಾದ ಸೈಟಿಗೋ ನೇರವಾಗಿ ಹೋಗಿ, ಅಲ್ಲಿರುವ ಕೊಂಡಿಯಿಂದಲೇ ಕೊಳ್ಳಿ.

2025ರ ಮೇ 12ರಿಂದ ಅಮೆರಿಕದಲ್ಲಿ ಹೊಸ ನಿಯಮ ಬಂದಿದೆ. ಶುಲ್ಕವೆಲ್ಲ ಸೇರಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು. ಕೊನೆಯ ಪುಟದಲ್ಲಿ "ಸೇವಾ ಶುಲ್ಕ" ಅಂತ ಎದೆ ಝಲ್ಲೆನ್ನಿಸುವ ಆಟ ಈಗ ಕಡಿಮೆ. ಆದರೂ ಶುಲ್ಕ ಇದ್ದೇ ಇದೆ. ಅರೀನಾ ನಿಮ್ಮ ದಾರಿಯಲ್ಲೇ ಇದ್ದರೆ ಬಾಕ್ಸ್ ಆಫೀಸಿನ ಕಿಟಕಿಯಲ್ಲಿ ಕೇಳಿನೋಡಿ. ಎಷ್ಟೋ ಕಡೆ ಅಲ್ಲಿ ಆನ್‌ಲೈನ್ ಶುಲ್ಕ ಬೀಳುವುದಿಲ್ಲ. ಕಿಟಕಿ ತೆರೆಯುವ ಹೊತ್ತು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ನಾಲ್ಕೈದು ಮನೆಯವರು ಸೇರಿ ಹೋಗುವುದು ನಮ್ಮಲ್ಲಿ ಮಾಮೂಲು. ಹಾಗಿದ್ದರೆ ಗ್ರೂಪ್ ಟಿಕೆಟ್ ವಿಭಾಗವನ್ನು ಕೇಳಿ. ಕನಿಷ್ಠ ಎಷ್ಟು ಜನ ಬೇಕು ಅನ್ನುವುದು ಅರೀನಾಕ್ಕೊಂದು ರೀತಿ. ಒಂದು ಸಲಹೆ: ಟಿಕೆಟ್ ಕೊಳ್ಳುವ ಮೊದಲೇ ಎಲ್ಲರಿಂದ ಹಣ ತರಿಸಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತಿದವರೆಲ್ಲ ಬರುವುದಿಲ್ಲ, ಅಲ್ವಾ?

ಬೇಗ ಕೊಳ್ಳಬೇಕಾ, ಕಾಯಬೇಕಾ? ಐದಾರು ಸೀಟು ಒಟ್ಟಿಗೆ ಬೇಕಾದವರು ಮಾರಾಟ ಶುರುವಾದ ಕೂಡಲೇ ಕೊಳ್ಳಿ. ಇಬ್ಬರೇ ಹೋಗುವುದಾದರೆ, ಅದೂ ವಾರದ ದಿನದ ಶೋ ಆದರೆ, ಕೊನೆಯ ಒಂದೆರಡು ದಿನ ಕಾದು ನೋಡಬಹುದು. ಮರುಮಾರಾಟದವರು ಕೈಯಲ್ಲಿ ಉಳಿದ ಟಿಕೆಟ್ಟಿನ ಬೆಲೆ ಇಳಿಸುವುದುಂಟು. ವಿಐಪಿ ಪ್ಯಾಕೇಜ್ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲ. ಆ ಹಣದಲ್ಲಿ ಎಲ್ಲರಿಗೂ ಒಂದು ಹಂತ ಒಳ್ಳೆಯ ಸೀಟು ಬರುತ್ತದೆ.

ಸಮಾಧಾನದ ಒಂದು ಸಂಗತಿ: ಮಾರಾಟವಾದ ಪ್ರತಿ ಟಿಕೆಟ್ಟಿನಿಂದ ಕನಿಷ್ಠ ಒಂದು ಡಾಲರ್ ಊರಿನ ಸೇವಾ ಸಂಸ್ಥೆಗಳಿಗೆ ಕೊಡುವುದು ಈ ತಂಡ ಮೊದಲಿನಿಂದ ನಡೆಸಿಕೊಂಡು ಬಂದ ಪದ್ಧತಿ.

ಟಿಕೆಟ್ ಫೋನಿನಲ್ಲೇ ಬರುತ್ತದೆ. ಬಾರ್‌ಕೋಡ್ ಕ್ಷಣಕ್ಕೊಮ್ಮೆ ಬದಲಾಗುವುದರಿಂದ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಿಂದಿನ ರಾತ್ರಿಯೇ ಫೋನಿನ ವಾಲೆಟ್‌ಗೆ ಹಾಕಿಟ್ಟುಕೊಳ್ಳಿ. ಗೇಟಿನ ಮುಂದೆ ಹತ್ತು ಸಾವಿರ ಜನ ಒಟ್ಟಿಗೆ ಇಂಟರ್ನೆಟ್ ಬಳಸುವಾಗ ಆ್ಯಪ್ ತೆರೆಯಲು ಹೋಗಿ ಒದ್ದಾಡಬೇಡಿ. ಎರಡು ಕಾರಿನಲ್ಲಿ ಹೋಗುವುದಾದರೆ ಆ ಕಾರಿನವರ ಟಿಕೆಟ್ ಅವರಿಗೇ ವರ್ಗಾಯಿಸಿ.

5. ಕಿವಿ: ಇದನ್ನು ಬಿಟ್ಟರೆ ನಡೆಯುವುದಿಲ್ಲ

ಮಕ್ಕಳಿಗೆ ಸ್ವೆಟರ್ ತೊಡಿಸುವುದನ್ನು ಯಾವ ಅಮ್ಮನೂ ಮರೆಯುವುದಿಲ್ಲ. ಕಿವಿ ಮರೆತುಹೋಗುತ್ತದೆ. ಇದು "ಹಬ್ಬದ ಸಂಗೀತ" ಅನ್ನುವ ಹೆಸರಿಗೆ ಮೋಸ ಹೋಗಬೇಡಿ. ಅರೀನಾದಲ್ಲಿ ರಾಕ್ ಶೋ ಸದ್ದು ನೂರು ಡೆಸಿಬಲ್ ಮುಟ್ಟುವುದು ಸಾಮಾನ್ಯ. ಅಮೆರಿಕದ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಸಂಸ್ಥೆ ನಿಯಾಶ್‌ನ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧಕ್ಕಿಳಿಯುತ್ತದೆ. ನೂರಕ್ಕೆ ಬಂದಾಗ ಉಳಿಯುವುದು 15 ನಿಮಿಷ. ಶೋ ಎರಡೂವರೆ ಗಂಟೆ. ಇದು ದೊಡ್ಡವರ ಲೆಕ್ಕ, ಅದೂ ಕೆಲಸದ ಜಾಗದ್ದು.

ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ತೆಗೆದುಕೊಳ್ಳಿ. ಸಂಗೀತ ಕೇಳುವ ಹೆಡ್‌ಫೋನ್ ಬೇಡ, ಸದ್ದು ತಡೆಯಲೆಂದೇ ಮಾಡಿದ್ದು ಬೇಕು. ಪೆಟ್ಟಿಗೆಯ ಮೇಲೆ ಎಷ್ಟು ಸದ್ದು ತಡೆಯುತ್ತದೆ ಅನ್ನುವುದಕ್ಕೆ ಎನ್‌ಆರ್‌ಆರ್ ಅಂತ ಒಂದು ಸಂಖ್ಯೆ ಇರುತ್ತದೆ. ಇಪ್ಪತ್ತು ದಾಟಿದ್ದು ನೋಡಿ. ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಎರಡು ದಿನ ಮೊದಲೇ ಮನೆಯಲ್ಲಿ ಹಾಕಿಸಿ, ಮಿಕ್ಸಿ ತಿರುಗಿಸಿ ತೋರಿಸಿ. ಹೊಸ ವಸ್ತುವನ್ನು ಕತ್ತಲಲ್ಲಿ ಮೊದಲ ಸಲ ತಲೆಗೆ ಹಾಕಿದರೆ ಕಿತ್ತೆಸೆಯುತ್ತಾರೆ.

ದೊಡ್ಡವರಿಗೆ ಸ್ಪಂಜಿನ ಇಯರ್‌ಪ್ಲಗ್ ಸಾಕು. ಆದರೆ ಹಾಕುವ ಕ್ರಮ ಇದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ರಂಧ್ರ ನೆಟ್ಟಗಾಗುತ್ತದೆ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳು ಒತ್ತಿ ಹಿಡಿಯಿರಿ, ಅದು ಅರಳಿ ಕೂರುತ್ತದೆ. ಸುಮ್ನೆ ಕಿವಿಬಾಯಿಗೆ ಸಿಕ್ಕಿಸಿಕೊಂಡರೆ ಉಪಯೋಗವಿಲ್ಲ. ಹತ್ತಿ ತುರುಕಿಕೊಳ್ಳುವುದಂತೂ ಮನಸ್ಸಿನ ಸಮಾಧಾನಕ್ಕೆ ಅಷ್ಟೆ. ಸಂಗೀತ ಚೆನ್ನಾಗಿ ಕೇಳಬೇಕೆನ್ನುವವರಿಗೆ ಸಂಗೀತಗಾರರು ಬಳಸುವ ರಬ್ಬರ್ ಪ್ಲಗ್ ಸಿಗುತ್ತವೆ. ಅವು ಸದ್ದನ್ನು ತಗ್ಗಿಸುತ್ತವೆ, ಮಂಕಾಗಿಸುವುದಿಲ್ಲ.

ಅಜ್ಜನಿಗೆ ಹಿಯರಿಂಗ್ ಏಡ್ ಇದ್ದರೆ ಶೋ ಹೊತ್ತಿನಲ್ಲಿ ಏನು ಮಾಡಬೇಕೆಂದು ಅವರ ಆಡಿಯಾಲಜಿಸ್ಟ್ (ಶ್ರವಣ ತಜ್ಞ) ಅವರನ್ನು ಕೇಳಿಟ್ಟುಕೊಳ್ಳಿ. ತೆಗೆದಿಡುವುದಾದರೆ ಡಬ್ಬಿ ಜೊತೆಗಿರಲಿ. ಕತ್ತಲಲ್ಲಿ ಕುರ್ಚಿ ಕೆಳಗೆ ಬಿದ್ದರೆ ಹುಡುಕುವುದು ದೊಡ್ಡ ಕೆಲಸ.

ಇದರ ಜೊತೆಗೇ ಕಣ್ಣಿನ ಮಾತು. ಪಟಪಟನೆ ಮಿಂಚುವ ಬೆಳಕು ಬಹಳ ಇರುತ್ತದೆ. ಬೆಳಕಿನಿಂದ ಮೂರ್ಛೆ ಬರುವ ತೊಂದರೆ ಇದ್ದವರು ಈ ಶೋಗೆ ಹೋಗದಿರುವುದೇ ಸರಿ. ಹೊಗೆಯೂ ಬಿಡುತ್ತಾರೆ. ಅಸ್ತಮಾ ಇರುವವರು ಇನ್‌ಹೇಲರ್ ಜೇಬಿನಲ್ಲಿಟ್ಟುಕೊಳ್ಳಿ. ಪಟಾಕಿಯಂಥ ದೊಡ್ಡ ಸದ್ದು, ಮುಖಕ್ಕೆ ಬಿಸಿ ತಾಗುವ ಬೆಂಕಿ, ಎರಡೂ ಹೇಳದೆ ಕೇಳದೆ ಬರುತ್ತವೆ. ಮಕ್ಕಳಿಗೆ ಮೊದಲೇ ಹೇಳಿದ್ದರೆ ಅದೇ ಅವರಿಗೆ ಇಷ್ಟವಾಗುವ ಭಾಗ.

ಆಟಿಸಂ ಇರುವ, ಅಥವಾ ಸದ್ದು-ಬೆಳಕು ತಡೆಯಲಾಗದ ಮಕ್ಕಳಿಗೆ ಅನೇಕ ಅರೀನಾಗಳಲ್ಲಿ ಈಗ ವ್ಯವಸ್ಥೆ ಇದೆ. ಕಲ್ಚರ್‌ಸಿಟಿ ಎಂಬ ಸಂಸ್ಥೆಯ ಜೊತೆ ಸೇರಿ ಹೆಡ್‌ಫೋನ್, ಕೈಗೆ ಆಟಿಕೆ ಇರುವ ಚೀಲ ಕೊಡುತ್ತಾರೆ. ಕೆಲವು ಕಡೆ ನಿಶ್ಶಬ್ದ ಕೋಣೆಯೂ ಇರುತ್ತದೆ. ಒಳಗೆ ಹೋದ ಕೂಡಲೇ ಗೆಸ್ಟ್ ಸರ್ವಿಸಸ್ ಕೌಂಟರ್ ಎಲ್ಲಿ ಅಂತ ನೋಡಿಕೊಳ್ಳಿ.

6. ಬ್ಯಾಗು, ಬಟ್ಟೆ

ದೊಡ್ಡ ವ್ಯಾನಿಟಿ ಬ್ಯಾಗ್ ಮನೆಯಲ್ಲಿರಲಿ. ಕೆಲವು ಅರೀನಾಗಳಲ್ಲಿ 12×6×12 ಇಂಚಿನ ಪಾರದರ್ಶಕ ಚೀಲ ಬಿಡುತ್ತಾರೆ, ಕೆಲವು ಕಡೆ ಅಂಗೈ ಅಗಲದ ಪರ್ಸ್ ಮಾತ್ರ, ಇನ್ನು ಕೆಲವು ಕಡೆ ಯಾವ ಬ್ಯಾಗೂ ಇಲ್ಲ. ಅರೀನಾ ಸೈಟಿನಲ್ಲಿ ಬರೆದಿರುತ್ತದೆ, ಹೋಗುವ ವಾರ ಓದಿ. ಡಯಾಪರ್ ಬ್ಯಾಗು, ಔಷಧಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಮಾತ್ರೆಗಳು ಹೆಸರಿನ ಚೀಟಿ ಇರುವ ಡಬ್ಬಿಯಲ್ಲೇ ಇದ್ದರೆ ಮಾತು ಬೆಳೆಯುವುದಿಲ್ಲ. ಕೀ ಗೊಂಚಲಿನಲ್ಲಿ ಚಿಕ್ಕ ಚಾಕು ಇದೆಯಾ ನೋಡಿ. ಇದ್ದರೆ ಕಾರಿನವರೆಗೆ ವಾಪಸ್ ನಡೆಯಬೇಕಾಗುತ್ತದೆ.

ಬಟ್ಟೆಗೆ ನಿಯಮವಿಲ್ಲ. ಕ್ರಿಸ್‌ಮಸ್ ಸ್ವೆಟರ್, ಬ್ಯಾಂಡಿನ ಟೀ-ಶರ್ಟ್, ಕೋಟು-ಟೈ, ಎಲ್ಲವೂ ಕಾಣುತ್ತವೆ. ಅಮ್ಮ ಸೀರೆಯಲ್ಲೇ ಬರುತ್ತೇನೆ ಅಂದರೆ ಬರಲಿ. ಚಪ್ಪಲಿ ಮಾತ್ರ ಬೇಡ, ಹಿಡಿತ ಇರುವ ಶೂ ಹಾಕಿಸಿ. ಪಾರ್ಕಿಂಗ್ ಜಾಗದಲ್ಲಿ ಮಂಜು ಗಟ್ಟಿಯಾಗಿ ಜಾರುತ್ತದೆ. ಒಳಗೆ ಕೋಟು ಇಡಲು ಜಾಗ ಸಿಗುವುದು ಅಪರೂಪ, ತೊಡೆ ಮೇಲೇ ಇಟ್ಟುಕೊಳ್ಳಬೇಕು. ಒಂದೇ ದಪ್ಪ ಕೋಟಿಗಿಂತ ತೆಳುವಾದ ಎರಡು ಮೂರು ಪದರ ಒಳ್ಳೆಯದು.

7. ಊಟ

ಚಿತ್ರಾನ್ನದ ಡಬ್ಬಿ ಒಳಗೆ ಬಿಡುವುದಿಲ್ಲ. ಹೊರಗಿನ ತಿಂಡಿ ನಿಷೇಧ. ಮನೆಯಲ್ಲೇ ಹೊಟ್ಟೆ ತುಂಬಾ ಉಂಡು ಹೊರಡಿ. ದೂರದ ದಾರಿಯಾದರೆ ಡಬ್ಬಿ ಕಾರಿನಲ್ಲಿರಲಿ, ಇಳಿಯುವ ಮೊದಲು ಮುಗಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಬೇಕಾದ ತಿಂಡಿಯನ್ನು ಸಾಮಾನ್ಯವಾಗಿ ಬಿಡುತ್ತಾರೆ, ಗೇಟಿನಲ್ಲೇ ಹೇಳಿ.

ಒಳಗೆ ಸಸ್ಯಾಹಾರಿಗಳಿಗೆ ಪಾಪ್‌ಕಾರ್ನ್, ಪ್ರೆಟ್ಝೆಲ್, ಚೀಸ್ ಪಿಝಾ. ಫ್ರೆಂಚ್ ಫ್ರೈಸನ್ನು ಕೋಳಿ ಕರಿದ ಎಣ್ಣೆಯಲ್ಲೇ ಕರಿಯುವುದುಂಟು. ನ್ಯಾಚೋಸ್ ಮೇಲಿನ ಅರೆದ ಬೀನ್ಸ್ ಕಾಳಿನಲ್ಲಿ ಹಂದಿ ಕೊಬ್ಬು ಇರಬಹುದು. ಮಡಿವಂತರಿದ್ದರೆ ಕೇಳಿಯೇ ಕೊಡಿಸಿ. ಬಹಳಷ್ಟು ಕಡೆ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಬೇಕು.

8. ದಾರಿ ಮತ್ತು ಗೇಟು

ರೈಲಿದ್ದರೆ ರೈಲೇ ಸರಿ. ನ್ಯೂಅರ್ಕಿನ ಪ್ರುಡೆನ್ಶಿಯಲ್ ಸೆಂಟರ್ ಅದೇ ಊರಿನ ಪೆನ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರ. ಸ್ಯಾನ್ ಹೋಸೆಯ ಸ್ಯಾಪ್ ಸೆಂಟರ್ ಎದುರಿಗೇ ಡಿರಿಡಾನ್ ಸ್ಟೇಷನ್. ಕೊನೆಯ ರೈಲು ಎಷ್ಟೊತ್ತಿಗೆ ಅಂತ ನೋಡಿಟ್ಟುಕೊಳ್ಳಿ, ರಜೆ ದಿನ ವೇಳಾಪಟ್ಟಿ ಬೇರೆ ಇರುತ್ತದೆ.

ಕಾರಿನಲ್ಲಾದರೆ ಪಾರ್ಕಿಂಗ್ ಮೊದಲೇ ಆನ್‌ಲೈನ್ ಕೊಂಡುಬಿಡಿ. ಅರೀನಾಕ್ಕೆ ಅಂಟಿಕೊಂಡ ಜಾಗಕ್ಕಿಂತ ಹತ್ತು ನಿಮಿಷ ನಡೆಯುವ ದೂರದ್ದು ಅಗ್ಗ, ಹೊರಬರುವುದೂ ಬೇಗ. ಹಿರಿಯರನ್ನು ಮಾತ್ರ ಬಾಗಿಲ ಹತ್ತಿರ ಇಳಿಸಿ, ಒಬ್ಬರು ಜೊತೆಗಿರಲಿ. ನಿಲ್ಲಿಸಿದ ಕೂಡಲೇ ಕಂಬದ ಸಂಖ್ಯೆಯ ಫೋಟೋ ತೆಗೆದುಕೊಳ್ಳಿ.

ಗೇಟು ಸಾಮಾನ್ಯವಾಗಿ ಒಂದು ಗಂಟೆ ಮೊದಲು ತೆರೆಯುತ್ತದೆ. ಮುನ್ನಾ ಕಾರ್ಯಕ್ರಮಕ್ಕೆ ಬೇರೆ ಬ್ಯಾಂಡ್ ಇರುವುದಿಲ್ಲ, ಹೆಚ್ಚುಕಡಿಮೆ ಹೇಳಿದ ಹೊತ್ತಿಗೇ ಶುರು. "ಏಳು ಅಂದರೆ ಏಳೂಮುಕ್ಕಾಲು" ಅನ್ನುವ ನಮ್ಮ ಕೂಟದ ಗಡಿಯಾರ ಇಲ್ಲಿ ನಡೆಯುವುದಿಲ್ಲ. ಮುಕ್ಕಾಲು ಗಂಟೆ ಮೊದಲು ಸಾಲಿನಲ್ಲಿರಿ.

ಮಕ್ಕಳ ಮುಂಗೈ ಮೇಲೆ ಪೆನ್ನಿನಲ್ಲಿ ನಿಮ್ಮ ಫೋನ್ ನಂಬರ್ ಬರೆಯಿರಿ. ಊರಿಂದ ಬಂದ ಅಪ್ಪ-ಅಮ್ಮನ ಜೇಬಿಗೂ ಸೆಕ್ಷನ್, ಸಾಲು, ಸೀಟು, ನಂಬರ್ ಬರೆದ ಚೀಟಿ ಹಾಕಿ. ಅವರ ಫೋನಿನಲ್ಲಿ ಇಲ್ಲಿನ ಸಿಮ್ ಇಲ್ಲದಿದ್ದರೆ ಇದು ತುಂಬಾ ಮುಖ್ಯ. ಗುಂಡಗಿನ ಕಟ್ಟಡದಲ್ಲಿ ಬಾತ್‌ರೂಮಿಂದ ಹೊರಬಂದವರಿಗೆ ಎಡವೋ ಬಲವೋ ಗೊತ್ತಾಗುವುದಿಲ್ಲ.

9. ಒಳಗೆ

ಸಾಮಾನ್ಯವಾಗಿ ನಡುವೆ ಇಂಟರ್ವಲ್ ಇರುವುದಿಲ್ಲ. ದೀಪ ಆರುವ ಮೊದಲೇ ಎಲ್ಲರನ್ನೂ ಬಾತ್‌ರೂಮಿಗೆ ಕರೆದೊಯ್ಯಿರಿ. ಮಧ್ಯೆ ಹೋಗಲೇಬೇಕಾದರೆ ಕಥೆ ಮುಗಿದು ಕಲಾವಿದರ ಪರಿಚಯ ಮಾಡಿಕೊಡುವ ಹೊತ್ತು ಸರಿ.

ಜನ ಬಹುಪಾಲು ಕೂತೇ ನೋಡುತ್ತಾರೆ. ಕೊನೆಗೆ ಎಲ್ಲರೂ ಎದ್ದರೆ ನೀವೂ ಎದ್ದೇಳಿ. ನಿರೂಪಕ ಮಾತಾಡುವಾಗ ಅರೀನಾ ಸದ್ದಿಲ್ಲದೆ ಕೇಳುತ್ತದೆ. ಆಗ ಅಜ್ಜಿಗೆ ಅನುವಾದ ಹೇಳಬೇಕಾದರೆ ಕಿವಿಯ ಹತ್ತಿರ ಒಂದೇ ಸಾಲು, ಉಳಿದದ್ದು ಕಾರಿನಲ್ಲಿ. ಒಂದೆರಡು ನಿಮಿಷದ ವಿಡಿಯೋ ತೆಗೆದು ಫೋನ್ ಒಳಗಿಡಿ. ಲೇಸರ್ ಫೋನಿನಲ್ಲಿ ಹಸಿರು ಗೆರೆಯಾಗಿ ಬರುತ್ತದೆ, ಅಷ್ಟೆ.

ಮಗು ಹೆದರಿ ಅತ್ತರೆ ಸುಮ್ಮನಿರಿಸುತ್ತಾ ಕೂರಬೇಡಿ. ಎತ್ತಿಕೊಂಡು ಬಾಗಿಲಾಚೆ, ಕಟ್ಟಡದೊಳಗಿನ ಓಣಿಗೆ ಬನ್ನಿ. ಅಲ್ಲಿ ಸದ್ದು ಅರ್ಧಕ್ಕರ್ಧ ಕಡಿಮೆ, ಟಿವಿ ಪರದೆಯಲ್ಲಿ ಶೋ ಕಾಣುವುದೂ ಉಂಟು. ಹತ್ತು ನಿಮಿಷಕ್ಕೆ ತಾನೇ "ಒಳಗೆ ಹೋಗೋಣ" ಅನ್ನುತ್ತದೆ.

ಟೀ-ಶರ್ಟ್ ಕೊಳ್ಳುವುದಾದರೆ ಶೋಗೆ ಮೊದಲೇ ಕೊಳ್ಳಿ. ಮುಗಿದ ಮೇಲಿನ ಸಾಲು ಸೆಕ್ಯೂರಿಟಿ ಸಾಲಿಗಿಂತ ಉದ್ದ, ಮಕ್ಕಳ ಅಳತೆ ಬೇಗ ಖಾಲಿ.

10. ಹೊರಗೆ ಬರುವುದು

ಕೊನೆಯ ಹಾಡು ಬಿಟ್ಟು ಓಡುವವರು ಸುಮಾರು ಜನ. ಆದರೆ ಸರಯೇವೋ ತುಣುಕನ್ನು ಕೊನೆಯ ಭಾಗಕ್ಕೆ ಇಟ್ಟುಕೊಳ್ಳುವುದೇ ಇವರ ರೂಢಿ. ಕಾದು ಕಾದು ಅದನ್ನೇ ತಪ್ಪಿಸಿಕೊಳ್ಳಬೇಡಿ. ಮುಗಿದ ಮೇಲೆ ಸೀಟಿನಲ್ಲೇ ಹದಿನೈದು ನಿಮಿಷ ಕೂತಿರಿ. ಹಿರಿಯರನ್ನು ನೂಕುನುಗ್ಗಲಿನಲ್ಲಿ ಮೆಟ್ಟಿಲು ಹತ್ತಿಸುವ ಅಪಾಯವೂ ತಪ್ಪುತ್ತದೆ. ಕಾರು ತಲುಪಿದ ಮೇಲೆ ಹೀಟರ್ ಹಾಕಿ, ಉಳಿದ ಚಿತ್ರಾನ್ನ ತೆಗೆಯಿರಿ. ಪಾರ್ಕಿಂಗ್ ಖಾಲಿಯಾಗುವವರೆಗೆ ಹೊಟ್ಟೆಗೂ ಕೆಲಸವಾಯಿತು.

ಮರುದಿನ ಬೆಳಿಗ್ಗೆ ಮಕ್ಕಳನ್ನು ಕೇಳಿ, ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ ಅಂತ. ಒಂದು ದಿನದಲ್ಲಿ ಹೋದರೆ ಸರಿ. ಎರಡು ದಿನವಾದರೂ ಹೋಗದಿದ್ದರೆ, ಅಥವಾ ಯಾರಿಗಾದರೂ ಒಂದು ಕಿವಿ ಮಂದವಾದಂತೆ ಅನ್ನಿಸಿದರೆ, ರಜೆ ಮುಗಿಯಲಿ ಅಂತ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.